ಬಾಗಿಲಲ್ಲೇ ನೀರು ಕುಡಿದು ಹೋದವರು

ಯಾರ ಮನೆ ಮುಂದೆ ನಿಂತರೂ ಅವರ ಹೆಬ್ಬೆರಳು ಮೊದಲು ಬಾಗಿಲಿನ ಚೌಕಟ್ಟಿಗೆ ಹೋಗುತ್ತಿತ್ತು. ಮೇಲಿನಿಂದ ಕೆಳಗೆ ಒಮ್ಮೆ ಸವರಿ, ಬೇವು ಎಂದೋ ಹೊನ್ನೆ ಎಂದೋ, 'ಇದ್ಯಾವ್ದೋ ಪ್ಲೈವುಡ್ಡು, ಪಾಪ' ಎಂದೋ ತಮ್ಮಷ್ಟಕ್ಕೆ ಹೇಳಿಕೊಂಡು, ಆಮೇಲೆ ಮನೆಯವರನ್ನು ಕೂಗುತ್ತಿದ್ದರು. ಅವರಪ್ಪ ನಾಗಮಂಗಲ ಕಡೆಯ ಬಡಗಿ. ಮಗ ಓದಿ ಸರ್ಕಾರಿ ಹಾಸ್ಟೆಲಿನ ವಾರ್ಡನ್ ಆದರು. ಉಳಿ ಕೈಬಿಟ್ಟಿತು, ಬೆರಳು ಮಾತ್ರ ಅಪ್ಪನದೇ ಉಳಿಯಿತು. ಅವರು ಹೋದರು ಎಂಬ ಸುದ್ದಿ ಬಂದಾಗ ನಾನು ಶ್ರೀರಂಗಪಟ್ಟಣದಲ್ಲಿ, ನಾನು ಪಾಠ ಮಾಡುವ ಕಾಲೇಜಿನ ಸ್ಟಾಫ್ ರೂಮಿನಲ್ಲಿದ್ದೆ. ಫೋನು ಕೆಳಗಿಟ್ಟು ನೋಡಿದರೆ ನನ್ನ ಹೆಬ್ಬೆರಳೇ ಮೇಜಿನ ಅಂಚನ್ನು ಸವರುತ್ತಿತ್ತು.

ಅವರ ಹೆಸರು ಬರೆಯುವುದಿಲ್ಲ. ನಮಗೆಲ್ಲ ಅವರು ವಾರ್ಡನ್ ಸಾರ್, ಅಷ್ಟೆ. ಆ ಊರಿನ ಹೆಸರೂ ಬೇಡ. ಅಲ್ಲಿ ಜನ ಇನ್ನೂ ಬದುಕುತ್ತಿದ್ದಾರೆ, ಎರಡು ಬೀದಿಯವರೂ ಒಂದೇ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದಾರೆ. ಈಗ ಹೋಗಿ ನೋಡಿದವರಿಗೆ ಏನೂ ಆಗಿಲ್ಲವೆನಿಸುತ್ತದೆ.

ಆಗಿದ್ದು ಇಷ್ಟು. ಮೇಲಿನ ಬೀದಿಗೂ ಕೆಳಗಿನ ಬೀದಿಗೂ ಹೊಡೆದಾಟವಾಯಿತು. ಏಕೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು, ಯಾವುದನ್ನು ಕೇಳಿದರೂ ಇಷ್ಟಕ್ಕೇನಾ ಅನ್ನಿಸುತ್ತಿತ್ತು. ಮೇಲಿನ ಬೀದಿಯ ಗಂಡಸರು ದೊಣ್ಣೆ ಹಿಡಿದು ಇಳಿದರು. ಕೆಳಗಿನ ಬೀದಿಯ ಹುಲ್ಲಿನ ಮೆದೆಗಳಿಗೆ ಬೆಂಕಿ ಬಿತ್ತು, ಮೆದೆಯಿಂದ ಮನೆಗೆ ಹತ್ತಿತು. ಉಟ್ಟ ಬಟ್ಟೆಯಲ್ಲೇ ಜನ ಗದ್ದೆ ಬಯಲು ಹಾದು ಓಡಿದರು. ಅದೃಷ್ಟಕ್ಕೆ ಒಂದು ಜೀವವೂ ಹೋಗಲಿಲ್ಲ. ಈ ಮಾತನ್ನು ಆಗ ಎಲ್ಲರೂ ಹೇಳುತ್ತಿದ್ದರು. ನನಗೆ ಈಗ ಅದನ್ನು ನೆನೆಯಲು ಆಗುವುದಿಲ್ಲ.

ಬೇಸಿಗೆ ರಜೆಯಾದ್ದರಿಂದ ವಾರ್ಡನ್ ಸಾರ್ ಅವರ ಹಾಸ್ಟೆಲು ಖಾಲಿಯಿತ್ತು. ಊರಿಂದ ಸ್ವಲ್ಪ ದೂರದ ಒಂಟಿ ಕಟ್ಟಡ. ಮುಂದೆ ಗದ್ದೆ ಬಯಲು, ಹಿಂದೆ ನಾಲೆ. ಅಲ್ಲೇ ಗಂಜಿ ಕೇಂದ್ರ ತೆರೆದು, ಅದನ್ನು ನೋಡಿಕೊಳ್ಳುವ ಕೆಲಸವನ್ನು ಅವರಿಗೇ ವಹಿಸಿದರು. ನಾನು ಅರಕೆರೆಯವಳು, ಮೈಸೂರಿನಲ್ಲಿ ಸಮಾಜಕಾರ್ಯ ಓದುತ್ತಿದ್ದೆ. ನಮ್ಮ ವಿಭಾಗದಿಂದ ನನ್ನನ್ನು ಅಲ್ಲಿಗೆ ಕ್ಷೇತ್ರಕಾರ್ಯಕ್ಕೆ ಕಳಿಸಿದರು.

ಮೊದಲ ದಿನ ಯಾರೂ ಉಣ್ಣಲಿಲ್ಲ. ಅನ್ನ, ಸಾರು ಸಿದ್ಧವಿತ್ತು. ಜನ ಗೋಡೆಗೆ ಮುಖ ಮಾಡಿ ಕೂತಿದ್ದರು. ನಾನು ಪುಸ್ತಕದಲ್ಲಿ ಓದಿದಂತೆ ಒಬ್ಬೊಬ್ಬರ ಪಕ್ಕ ಕೂತು ಸಮಾಧಾನದ ಮಾತಾಡಿದೆ. ತಾಯಮ್ಮ ಎಂಬ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, 'ನೀನ್ ಉಂಡ್ಯಾ ಮಗ?' ಎಂದು ಕೇಳಿ ಮತ್ತೆ ಗೋಡೆಗೆ ತಿರುಗಿದಳು. ವಾರ್ಡನ್ ಸಾರ್ ಯಾರನ್ನೂ ಊಟಕ್ಕೆ ಏಳಿಸಲಿಲ್ಲ. ಎಲ್ಲಿಂದಲೋ ಒಂದು ಗಾಡಿ ಕೀರೆ ಸೊಪ್ಪು ತರಿಸಿ ಹಜಾರದ ನಡುವೆ ಸುರಿಸಿದರು. 'ಅಡಿಗೆಯವ್ರು ಕೈ ಕೊಟ್ರು ಕಣ್ರವ್ವ. ಸೊಪ್ಪು ಬಾಡೋಯ್ತದೆ, ಯಾರಾನಾ ಒಸಿ ಸೋಸ್ಕೊಡಿ' ಎಂದು ಹೇಳಿ ಹೊರಗೆ ಹೋದರು. ಅಡಿಗೆಯವರು ಒಳಗೇ ಇದ್ದರು, ಅವರನ್ನು ಸದ್ದು ಮಾಡಬೇಡಿ ಎಂದು ಇವರೇ ಸ್ಟೋರಿಗೆ ಕಳಿಸಿದ್ದರು. ಹೊತ್ತು ಏರುವ ಮೊದಲು ತಾಯಮ್ಮ ಸೊಪ್ಪಿನ ರಾಶಿಯ ಹತ್ತಿರ ಸರಿದಳು. ಅವಳ ಮಗಳು ಪ್ರೇಮ ಬಂದಳು. ಆಮೇಲೆ ಒಲೆಯ ಮುಂದೆ ಯಾರು ಕೂರಬೇಕು ಎಂಬುದಕ್ಕೇ ಸಣ್ಣ ಜಗಳವಾಯಿತು. ಸಂಜೆಗೆ ತಾಯಮ್ಮ ಸೌಟು ಹಿಡಿದು ನಿಂತು, ಸಾಲಿಗೆ ತಡವಾಗಿ ಬಂದ ಗಂಡಸರನ್ನು ಬೈಯುತ್ತಿದ್ದಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ವಾರ್ಡನ್ ಸಾರ್, 'ಬೈಗುಳ ಬಂತು, ಇನ್ನು ಬದುಕ್ಕತಾರೆ' ಅಂದರು.

ಕೊಡಲು ಬರುವವರ ಬಗ್ಗೆ ಅವರಿಗೆ ಒಂದು ನಿಯಮವಿತ್ತು. ಪಟ್ಟಣದಿಂದ ಯಾವುದೋ ಸಂಘದವರು ಕಂಬಳಿ, ಸೀರೆ ತಂದರು, ಫೋಟೋ ತೆಗೆಯುವವನನ್ನೂ ಕರೆತಂದಿದ್ದರು. ಒಬ್ಬೊಬ್ಬರನ್ನೇ ಕರೆದು ಕೈಗೆ ಕಂಬಳಿ ಕೊಡುವಾಗ ಫೋಟೋ ಆಗಬೇಕೆಂದು ಅವರ ಆಸೆ. ವಾರ್ಡನ್ ಸಾರ್ ಬೇಡ ಅನ್ನಲಿಲ್ಲ. ಅದಕ್ಕೇನಂತೆ, ಆದರೆ ಊಟದ ಹೊತ್ತಾಯ್ತಲ್ಲ, ಮೊದಲು ಉಣ್ಣಿ ಎಂದು ಕೈಹಿಡಿದು ಕರೆದೊಯ್ದು ಪಂಕ್ತಿಯಲ್ಲಿ ಕೂರಿಸಿದರು. ಕೆಳಗಿನ ಬೀದಿಯವರ ನಡುವೆ ಒಬ್ಬೊಬ್ಬರಾಗಿ, ನೆಲದ ಮೇಲೆ, ತಟ್ಟೆ ಮುಂದಿಟ್ಟುಕೊಂಡು. ತಾಯಮ್ಮ ಬಡಿಸುತ್ತ ಬಂದಳು. 'ಈಗ ತಕ್ಕೊಳಪ್ಪ ಫೋಟೋನ' ಎಂದು ವಾರ್ಡನ್ ಸಾರ್ ಫೋಟೋದವನಿಗೆ ಹೇಳಿದರು. ಆ ಫೋಟೋದಲ್ಲಿ ಯಾರು ಕೊಟ್ಟವರು, ಯಾರು ತೆಗೆದುಕೊಂಡವರು ಎಂದು ಹೇಳುವಂತಿರಲಿಲ್ಲ. ಅದು ಎಲ್ಲೂ ಅಚ್ಚಾಗಲಿಲ್ಲ ಎಂದು ಕೇಳಿದೆ.

ಒಮ್ಮೆ ನಾನು ಅವರೊಂದಿಗೆ ವಾದಕ್ಕೆ ಇಳಿದೆ. ಬೇರೆ ದೇಶಗಳಲ್ಲಿ ದೊಡ್ಡ ದೊಡ್ಡ ಯುದ್ಧಗಳಾಗಿ ಲಕ್ಷಗಟ್ಟಲೆ ಜನ ನಿರಾಶ್ರಿತರಾಗುತ್ತಾರೆ, ಅವರನ್ನು ನೋಡಿಕೊಳ್ಳುವುದು ಹೇಗೆಂದು ನಮಗೆ ಪಾಠವಿದೆ ಎಂದೆ. ಅವರು ಬೆಂಚಿನ ಅಂಚು ಸವರುತ್ತ ಕೇಳಿಸಿಕೊಂಡರು. 'ಎರಡು ದೇಶ ಬಡಿದಾಡಿದ್ರೆ ಸೋತೋನು ಅವನ ದೇಶಕ್ಕೆ ಓಯ್ತಾನೆ ಕಣವ್ವ. ಒಂದೇ ಊರು ಬಡಿದಾಡಿದ್ರೆ ಗೆದ್ದೋನೂ ಸೋತೋನೂ ಅದೇ ನಲ್ಲಿಗೆ ಬರ್ಬೇಕು' ಅಂದರು. ಈಗ ನಾನು ಅದೇ ವಿಷಯ ಪಾಠ ಮಾಡುತ್ತೇನೆ, ಆ ಮಾತು ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ.

ರಜೆ ಮುಗಿಯುತ್ತ ಬಂತು. ಹಾಸ್ಟೆಲಿಗೆ ಮಕ್ಕಳು ಬರಬೇಕು, ಕಟ್ಟಡ ತೆರವು ಮಾಡಿ ಎಂದು ಮೇಲಿನಿಂದ ಹೇಳಿಕೆ ಬಂತು. ಸುಟ್ಟ ಮನೆಗಳ ಮೇಲೆ ತಗಡು ಹೊದಿಸಿಯಾಗಿತ್ತು. ಆದರೆ ಜನ ಕದಲಲಿಲ್ಲ. ಪೊಲೀಸರು ಇರುತ್ತಾರೆ ಎಂದರೂ ಒಪ್ಪಲಿಲ್ಲ. ಪೊಲೀಸರು ಎಷ್ಟು ದಿನ ಇದ್ದಾರು? ಓಡಿಸಿದವರೇ ಬಂದು ಕರೆಯಲಿ ಎಂದು ತಾಯಮ್ಮ ಹೇಳಿದಳು. ಅದೇ ಎಲ್ಲರ ಮಾತಾಯಿತು. ನಮ್ಮ ಕಡೆ ಜಗಳವಾಡಿದ ಎರಡು ಮನೆಗಳು ಒಂದಾದವು ಅನ್ನಬೇಕಾದರೆ ಬಾಯಿಮಾತು ಸಾಲದು. ಒಬ್ಬರ ಕೈಯಡಿಗೆಯನ್ನು ಇನ್ನೊಬ್ಬರು ಉಣ್ಣಬೇಕು. ಉಂಡ ಮೇಲೆ ಮುಗಿಯಿತು, ಮತ್ತೆ ಎತ್ತಿ ಆಡುವಂತಿಲ್ಲ.

ವಾರ್ಡನ್ ಸಾರ್ ಮೇಲಿನ ಬೀದಿಗೆ ಹೋದರು. ಒಂದು ಸಲವಲ್ಲ, ಎಷ್ಟೋ ಸಲ. ಬೈಸಿಕೊಂಡು ಬಂದರು, ಬಾಗಿಲು ಹಾಕಿಸಿಕೊಂಡು ಬಂದರು. ಒಂದು ದಿನ ಮಾತ್ರ ಬಂದವರೇ ಕೈಕಾಲು ತೊಳೆಯದೆ ಹಜಾರದ ನಡುವೆ ನಿಂತು, 'ಬತ್ತಾರಂತೆ' ಅಂದರು. ಮೇಲಿನ ಬೀದಿಯ ಗಂಡಸರು ಬಂದು ಈ ಹಾಸ್ಟೆಲಿನ ಒಲೆಯ ಮೇಲೆ ತಾವೇ ರಾಗಿ ಹಿಟ್ಟು ತಿರುವುತ್ತಾರೆ, ತಾವೇ ಬಡಿಸುತ್ತಾರೆ, ಎರಡು ಬೀದಿಯವರೂ ಒಟ್ಟಿಗೆ ಉಂಡು, ಬೆಳಿಗ್ಗೆ ಒಟ್ಟಿಗೆ ಊರಿಗೆ ನಡೆಯುತ್ತಾರೆ. ಬರಿಗೈಲಿ ಬನ್ನಿ, ಹಿಟ್ಟೂ ನನ್ನದು, ಪಾತ್ರೆಯೂ ನನ್ನದು ಎಂದು ಇವರು ಹೇಳಿ ಬಂದಿದ್ದರು.

ಆ ಸಂಜೆ ಹೆಂಗಸರು ಅಂಗಳ ಗುಡಿಸಿ ನೀರು ಹಾಕಿದ್ದರು. ತಾಯಮ್ಮ ತಲೆ ಬಾಚಿಕೊಂಡು, ಸಂಘದವರು ಕೊಟ್ಟ ಹೊಸ ಸೀರೆ ಉಟ್ಟಿದ್ದಳು. ಅವಳು ಎಲ್ಲರಿಗಿಂತ ಹೆಚ್ಚು ಕಾಯುತ್ತಿದ್ದದ್ದು ಸ್ವಾಮಿಗಾಗಿ. ಸ್ವಾಮಿ ಮೇಲಿನ ಬೀದಿಯವನು, ಟ್ರಾಕ್ಟರು ಓಡಿಸುತ್ತಿದ್ದ. ಚಿಕ್ಕಂದಿನಲ್ಲಿ ತಾಯಮ್ಮನ ಮನೆಯಲ್ಲಿ ಉಂಡು ಬೆಳೆದವನು, ಅಂದು ದೊಣ್ಣೆ ಹಿಡಿದು ಇಳಿದವರಲ್ಲಿ ಅವನೂ ಇದ್ದ. 'ಬರ್ಲಿ ಅವ್ನು, ಕಿವಿ ಹಿಂಡ್ತೀನಿ' ಎಂದು ಹೇಳಿಕೊಂಡು ಓಡಾಡುತ್ತಿದ್ದಳು. ನಾನು ಅಡಿಗೆಮನೆಯಲ್ಲಿ, ಹಿಂಬಾಗಿಲ ಹತ್ತಿರ, ತಟ್ಟೆ ಒರೆಸುತ್ತಿದ್ದೆ.

ಕರೆಯಲು ಹೋಗುವವರು ನಡೆದೇ ಹೋಗಬೇಕು ಎಂದು ಮೇಲಿನ ಬೀದಿಯ ಹಿರಿಯರು ಹೇಳಿದ್ದರಂತೆ. ಹಾಗಾಗಿ ಅವರು ಗದ್ದೆ ಬಯಲಿನ ದಾರಿಯಲ್ಲಿ ಸಾಲಾಗಿ ನಡೆದು ಬಂದರು. ಸೂರ್ಯ ಅವರ ಬೆನ್ನಿಗಿದ್ದ. ಹಜಾರದಿಂದ ನೋಡಿದರೆ ಮುಖ ಕಾಣುತ್ತಿರಲಿಲ್ಲ, ಆಕಾರವಷ್ಟೇ ಕಾಣುತ್ತಿತ್ತು. ಒಬ್ಬೊಬ್ಬರ ಹೆಗಲ ಮೇಲೂ ಎದೆಮಟ್ಟದ ಒಂದು ಕೋಲಿತ್ತು.

ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ. ಮದುವೆಗೋ ತಿಥಿಗೋ ಊರಿಗೆಲ್ಲ ಆಗುವಷ್ಟು ಹಿಟ್ಟು, ಅಂದರೆ ಮುದ್ದೆ, ಮಾಡುವಾಗ ದೊಡ್ಡ ಹಂಡೆಯಲ್ಲಿ ನಿಂತುಕೊಂಡೇ ತಿರುವಬೇಕು. ಅದಕ್ಕೆ ಉದ್ದನೆಯ, ಮಣಿಕಟ್ಟು ದಪ್ಪದ ಕೋಲು, ಹಿಟ್ಟಿನ ಕೋಲು ಅನ್ನುತ್ತಾರೆ. ತಿರುವುವುದರಲ್ಲಿ ಹೆಸರು ಮಾಡಿದವನು ತನ್ನ ಕೋಲನ್ನು ಮನೆಯಿಂದಲೇ ತರುತ್ತಾನೆ. ಬೇರೆಯವರ ಕೋಲಲ್ಲಿ ತಿರುವಿದರೆ ಗಂಟು ಬೀಳುತ್ತದೆ ಎಂಬ ನಂಬಿಕೆ. ಬರಿಗೈಲಿ ಬನ್ನಿ ಎಂದರೆ ರಾಗಿ ತರಬೇಡಿ, ಪಾತ್ರೆ ತರಬೇಡಿ ಎಂದಷ್ಟೇ ಅವರು ತಿಳಿದರು. ಕೋಲನ್ನು ಅವರು ವಸ್ತುವೆಂದು ಎಣಿಸಿರಲಿಲ್ಲ. ಅದು ಅವರ ಕೈಯ ಭಾಗ.

ಒಳಗಿದ್ದವರು ಕಂಡದ್ದು ಬೇರೆ. ಅದೇ ಜನ, ಅದೇ ಹೆಗಲು, ಅದೇ ದೊಣ್ಣೆ. 'ಮೋಸ ಮಾಡ್ಬುಟ್ರು' ಎಂದು ಯಾರೋ ಕೂಗಿದರು. ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಹಜಾರದಲ್ಲಿದ್ದ ಅಷ್ಟೂ ಜನ ಒಂದೇ ಬಾರಿಗೆ ಅಡಿಗೆಮನೆಗೆ, ನಾನಿದ್ದ ಹಿಂಬಾಗಿಲಿಗೆ ನುಗ್ಗಿದರು.

ಆ ಬಾಗಿಲು ಒಳಕ್ಕೆ ತೆರೆಯುವಂಥದ್ದು. ಜನ ಒತ್ತಿದಷ್ಟೂ ಅದು ಮುಚ್ಚಿಕೊಂಡಿತು. ನನ್ನ ಕೆನ್ನೆ ಮರಕ್ಕೆ ಅಂಟಿತ್ತು. ಬೆನ್ನ ಮೇಲೆ ಯಾರದೋ ಮೊಣಕೈ, ಕಾಲಡಿಯಲ್ಲಿ ತಟ್ಟೆಗಳು ಜಾರುತ್ತಿದ್ದವು. ಉಸಿರು ಒಳಗೆ ಹೋಗುತ್ತಿರಲಿಲ್ಲ. ಇಲ್ಲೇ ಮುಗಿಯುತ್ತದೆ ಎಂದು ಬಹಳ ಸ್ಪಷ್ಟವಾಗಿ ಅನ್ನಿಸಿತು, ಅದರ ಜೊತೆಗೆ ಅರಕೆರೆ ಬಸ್ಸಿನ ಕಂಡಕ್ಟರನ ಮುಖ ಏಕೋ ನೆನಪಾಯಿತು. ಮುಂಬಾಗಿಲ ಕಡೆಯಿಂದ ವಾರ್ಡನ್ ಸಾರ್ ಧ್ವನಿ ಕೇಳುತ್ತಿತ್ತು. 'ಇಟ್ಟಿನ್ ಕೋಲು ಕಣ್ರಯ್ಯ, ಇಟ್ಟಿನ್ ಕೋಲು.' ಅದನ್ನೇ ಹೇಳುತ್ತಿದ್ದರು, ಗಂಟಲು ಒಡೆದುಹೋಗಿತ್ತು. ಆಮೇಲೆ ಚೌಕಟ್ಟೇ ಕಿತ್ತುಬಂತು. ನಾವೆಲ್ಲ ನಾಲೆಯ ಸೋಪಾನದ ಮೇಲೆ ಉರುಳಿದೆವು. ಆ ವಾರ ನಾಲೆಗೆ ನೀರು ಬಿಟ್ಟಿದ್ದರು.

ನಾನು ಸೊಂಟದವರೆಗೆ ನೀರಿನಲ್ಲಿದ್ದೆ, ಮೆಟ್ಟಿಲಿನ ಕಲ್ಲೊಂದು ಕೈಗೆ ಸಿಕ್ಕಿತ್ತು. ಸ್ವಲ್ಪ ಕೆಳಗೆ ತಾಯಮ್ಮ ದಡದ ಹುಲ್ಲಿನ ಬುಡವನ್ನು ಎರಡೂ ಕೈಯಲ್ಲಿ ಹಿಡಿದು ತೇಲುತ್ತಿದ್ದಳು. ಹೊಸ ಸೀರೆ ನೀರು ತುಂಬಿ ಅವಳನ್ನು ಎಳೆಯುತ್ತಿತ್ತು. ಕಟ್ಟಡ ಬಳಸಿಕೊಂಡು ಸ್ವಾಮಿ ಓಡಿ ಬಂದ. ದಡದ ಮೇಲೆ ಬೋರಲು ಬಿದ್ದು, ತನ್ನ ಕೋಲನ್ನು ಅವಳ ಕಡೆಗೆ ಚಾಚಿದ. 'ಇಡ್ಕೊ ಅವ್ವ, ಇಡ್ಕೊ' ಎನ್ನುತ್ತಿದ್ದ. ಕೋಲಿನ ತುದಿ ಅವಳ ಮುಖದ ಹತ್ತಿರ ಬಂತು. ತಾಯಮ್ಮ ಪೆಟ್ಟು ತಪ್ಪಿಸಿಕೊಳ್ಳುವವಳಂತೆ ಎರಡೂ ಕೈ ಎತ್ತಿ ಮುಖ ಮುಚ್ಚಿಕೊಂಡಳು.

ಹುಲ್ಲು ಕೈಬಿಟ್ಟಿತು.

ಸ್ವಾಮಿ ಹಾರಿದ. ತೂಬಿನ ಹತ್ತಿರ ಅವಳನ್ನು ಎತ್ತಿ ತಂದ. ಬೇರೆ ಎಲ್ಲರೂ ಬದುಕಿದರು. ಎಷ್ಟೋ ಜನ ಆ ಕೋಲುಗಳನ್ನೇ ಹಿಡಿದು ಮೇಲೆ ಬಂದರು, ನಾನೂ ಹಾಗೆಯೇ ಬಂದೆ. ಹೊಡೆದಾಟದಲ್ಲಿ ಹೋಗದ ಜೀವ ಒಂದಾಗುವ ಊಟಕ್ಕೆ ಹೋಯಿತು. ಈಗಲೂ ಮದುವೆ ಮನೆಗಳಲ್ಲಿ ನಾನು ಅಡಿಗೆಯ ಕಡೆಗೆ ಹೋಗುವುದಿಲ್ಲ. ಯಾವ ಕೋಣೆಗೆ ಹೋದರೂ ಬಾಗಿಲು ಒಳಕ್ಕೆ ತೆರೆಯುತ್ತದೋ ಹೊರಕ್ಕೋ ಎಂದು ನೋಡಿಕೊಂಡೇ ಕೂರುತ್ತೇನೆ.

ಕೆಳಗಿನ ಬೀದಿಯವರು ಊರಿಗೆ ಮರಳಿದರು. ಹೆಣದ ಜೊತೆ ಮರಳಿದರು. ಚಟ್ಟಕ್ಕೆ ಮೇಲಿನ ಬೀದಿಯವರೂ ಹೆಗಲು ಕೊಟ್ಟರು, ಯಾರೂ ಬೇಡ ಅನ್ನಲಿಲ್ಲ. ಅದೇ ರಾಜಿಯಾಯಿತು. ಕಡತಗಳಲ್ಲಿ ಗಂಜಿ ಕೇಂದ್ರ ಯಶಸ್ವಿಯಾಗಿ ಮುಕ್ತಾಯವಾಯಿತು. ಪ್ರೇಮ ಮಾತ್ರ ಕಾರ್ಯ ಮುಗಿಸಿಕೊಂಡು ಊರು ಬಿಟ್ಟಳು. ಪಾಂಡವಪುರದಲ್ಲಿ ಬಾಡಿಗೆ ಮನೆ ಹಿಡಿದು ಹೊಲಿಗೆಯಿಂದ ಬದುಕು ಕಟ್ಟಿಕೊಂಡಳು.

ವಾರ್ಡನ್ ಸಾರ್ ಮೇಲೆ ವಿಚಾರಣೆ ನಡೆಯಿತು. ತಪ್ಪಿಲ್ಲವೆಂದು ಬಿಟ್ಟರು. ಅವರು ತಮ್ಮನ್ನು ಬಿಡಲಿಲ್ಲ. ನನಗೆ ಸಿಕ್ಕಾಗಲೆಲ್ಲ ಅದೇ ಮಾತು. ಎಲ್ಲ ಹೇಳಿದೆ, ಯಾವ ಹೊತ್ತಿಗೆ ಬರಬೇಕು, ಯಾರು ಮೊದಲು ಮಾತಾಡಬೇಕು, ಎಲ್ಲ. ಕೋಲು ತರಬೇಡಿ ಅನ್ನಲಿಲ್ಲ. 'ನಮ್ಮಪ್ಪ ಮಾಡ್ತಿದ್ದಿದ್ದೇ ಆ ಕೋಲ್ನ ಕಣವ್ವ. ನಂಗೆ ಗೊತ್ತಾಗ್ದೆ ಇನ್ಯಾರ್ಗೆ ಗೊತ್ತಾಗ್ಬೇಕಿತ್ತು?' ಸಮಾಧಾನ ಹೇಳಿದರೆ ಕೇಳುತ್ತಿದ್ದರು, ಮುಂದಿನ ಸಲ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು.

ನಿವೃತ್ತರಾದ ಮೇಲೆ ನಾಗಮಂಗಲ ಕಡೆಯ ತಮ್ಮ ಹಳ್ಳಿಗೆ ಹೋದರು. ಒಮ್ಮೆ ಕೆ.ಆರ್. ಪೇಟೆಯ ಬಸ್ ನಿಲ್ದಾಣದಲ್ಲಿ ಕಂಡರು. ನಾನು ಗೋವಿಂದನಹಳ್ಳಿಯ ದೇವಸ್ಥಾನಕ್ಕೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ವಾಪಸು ಬರುತ್ತಿದ್ದೆ. ಪಾಂಡವಪುರದಿಂದ ಬರುತ್ತಿರುವುದಾಗಿ ಹೇಳಿದರು. ಆ ಕಡೆಯ ಬಸ್ಸು ತಪ್ಪಿ ಹೀಗೆ ಸುತ್ತಿಕೊಂಡು ಹೊರಟಿದ್ದರಂತೆ. ಸಂತೆಯ ದಿನ ತಪ್ಪದೆ ಪ್ರೇಮಳ ಮನೆಗೆ ಹೋಗುತ್ತಾರೆ ಎಂದು ಆಗ ತಿಳಿಯಿತು. ಹೋಗಿ ಏನು ಮಾಡುತ್ತೀರಿ ಸಾರ್ ಎಂದು ಕೇಳಿದೆ. ಬಾಗಿಲಲ್ಲಿ ನಿಂತು ಚೆನ್ನಾಗಿದ್ದೀಯಾ ಎಂದು ಕೇಳುತ್ತೇನೆ, ಅವಳು ನೀರು ಕೊಡುತ್ತಾಳೆ, ಕುಡಿದು ಬರುತ್ತೇನೆ ಎಂದರು. ದೊಡ್ಡ ವರ ಸಿಕ್ಕವರಂತೆ ಹೇಳಿದರು. ಒಳಗೆ ಹೋಗುವುದಿಲ್ಲವೇ ಎಂದಾಗ, ಕಂಬಿಯ ಬೆಂಚಿನಲ್ಲಿ ಮರ ಹುಡುಕುವವರಂತೆ ಬೆರಳಾಡಿಸಿದರು. ಸಾವಿಗೆ ಕಾರಣನಾದವನು ಆ ಮನೆಯವರು ಊಟಕ್ಕೆ ಕರೆಯುವ ತನಕ ಹೊಸಿಲು ದಾಟಬಾರದು ಎಂದು ಅವರಪ್ಪ ಹೇಳುತ್ತಿದ್ದರಂತೆ. ಕರೆಯುತ್ತಾಳೆ ಬಿಡಿ ಸಾರ್ ಎಂದೆ. 'ಕರೀಲಿ ಅಂತ ಕೇಳಕ್ಕಾಯ್ತದಾ ಕೂಸೆ? ಕೇಳಿ ಉಂಡ್ರೆ ಅದು ಊಟ ಆಗಕಿಲ್ಲ' ಅಂದರು. ಅಷ್ಟರಲ್ಲಿ ನಾಗಮಂಗಲದ ಬಸ್ಸು ಬಂತು. ಬಾಗಿಲ ಕಂಬಿ ಹಿಡಿದು ಹತ್ತಿದವರು ತಿರುಗಿ ನೋಡಿ ತಲೆಯಾಡಿಸಿದರು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಅವರ ತಿಥಿಗೆ ಹೋಗಿದ್ದೆ. ಚಪ್ಪರದ ಕೆಳಗೆ ಸ್ವಾಮಿ ನಿಂತಿದ್ದ, ಕೂದಲು ನರೆತಿತ್ತು. ಅಡಿಗೆಯ ಕಡೆಗೆ ಅವನೂ ಹೋಗಲಿಲ್ಲ, ನಾನೂ ಹೋಗಲಿಲ್ಲ. ಪಂಕ್ತಿ ಕೂರುವ ಹೊತ್ತಿಗೆ ಪ್ರೇಮ ಬಂದಳು. ಯಾರು ಹೇಳಿ ಕಳಿಸಿದ್ದರೋ ತಿಳಿಯದು. ಅವಳು ಹೊಸಿಲ ಆಚೆಯೇ ನಿಂತುಬಿಟ್ಟಳು. ವಾರ್ಡನ್ ಸಾರ್ ಹೆಂಡತಿಗೆ ಅವಳು ಯಾರೆಂದು ಯಾರೂ ಹೇಳಬೇಕಾಗಲಿಲ್ಲ. ಕೈಹಿಡಿದು ಒಳಗೆ ಕರೆತಂದು ನನ್ನ ಪಕ್ಕ ಎಲೆಯ ಮುಂದೆ ಕೂರಿಸಿದರು. ಹಿಟ್ಟು, ಅವರೆಕಾಳಿನ ಸಾರು, ವಾರ್ಡನ್ ಸಾರ್ ಅವರಿಗೆ ಇಷ್ಟವಾದದ್ದು.

ಬಡಿಸುತ್ತ ಆ ತಾಯಿ, ದೂರಲ್ಲ, ಮಾತಿಗೆಂಬಂತೆ ಹೇಳಿದರು. ಸಂತೆ ದಿನ ಎಷ್ಟು ಬಲವಂತ ಮಾಡಿದರೂ ಯಜಮಾನರು ಮನೆಯಲ್ಲಿ ಉಂಡು ಹೋಗುತ್ತಿರಲಿಲ್ಲವಂತೆ. ಒಂದು ವೇಳೆ ಆ ಹುಡುಗಿ ಇವತ್ತು ಕರೆದರೆ, ಹೊಟ್ಟೆ ತುಂಬಿದೆ ಅಂತ ಹೇಳೋದು ಹೇಗೆ ಎನ್ನುತ್ತಿದ್ದರಂತೆ. ಸಂಜೆ ಬಂದು ತಣ್ಣನೆಯದನ್ನು ತಿನ್ನುತ್ತಿದ್ದರಂತೆ.

ಪ್ರೇಮ ಎಲೆಯ ಮುಂದೆ ಅಲ್ಲಾಡದೆ ಕೂತಿದ್ದಳು.

'ಉಣ್ಣವ್ವ, ಆರೋಯ್ತದೆ' ಎಂದರು ಆ ತಾಯಿ.

'ಸಂತೆ ದಿನ ನಾನೂ ಇಬ್ರಿಗಾಗಂಗೆ ಇಟ್ಟು ತಿರುವ್ತಿದ್ದೆ ಕಣವ್ವ' ಎಂದಳು ಪ್ರೇಮ. ಎಲೆಯ ಮೇಲಿನ ಕಣ್ಣು ಎತ್ತಲಿಲ್ಲ. 'ಕರಿಯಕ್ಕೆ ಬಾಯಿ ಬರ್ತಿರ್ಲಿಲ್ಲ. ಒಂದ್ಸಲ ಹೊಸ್ಲು ದಾಟಿದ್ರೆ ಇಕ್ಬುಡ್ತಿದ್ದೆ. ಅವ್ರು ಬಾಗ್ಲ ಮರ ಸವರ್ಕೊಂಡು ನಿಂತ್ಕೊಳೋರು, ನೀರು ಕುಡಿಯೋರು, ಒಂಟೋಗೋರು. ನಾನು ಇಟ್ಟು ಆರೋಗೋ ಗಂಟ ಕಾಯ್ತಿದ್ದೆ.'